ಕಡಿಮೆ ತೋರಿಸಿದ ಬ್ರೌಸರ್

ದೂರು ಮುಗಿಸುವುದು ಹೇಗೆಂದು ಶಂಭುಲಿಂಗನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಗಜೇಂದ್ರಗಡದ ನಜೀರಸಾಬರ ಇಂಟರ್ನೆಟ್ ಕಚೇರಿಯಲ್ಲಿ ಒಂಬತ್ತು ವರ್ಷ ಲೈನು ಎಳೆದವನಿಗೆ ಅದು ತಾನಾಗಿ ಬಂದಿತ್ತು. ಗಿರಾಕಿಯ ಮನೆಗೆ ಹೋಗಬೇಕು, ವೇಗ ಅಳೆಯುವ ಪುಟ ತೆರೆಯಬೇಕು, ಅಂಕಿ ಏರಿದ್ದನ್ನು ತೋರಿಸಬೇಕು. ಗಿರಾಕಿಯ ಫೋನಿಗೆ ಬಂದ ಓಟಿಪಿ ಕೇಳಿ ಒತ್ತಿದರೆ ಕಚೇರಿಯ ಪಟ್ಟಿಯಲ್ಲಿ ಆ ದೂರಿನ ಬಣ್ಣ ಕೆಂಪಿನಿಂದ ಹಸಿರಿಗೆ ತಿರುಗುತ್ತಿತ್ತು. ದಿನಕ್ಕೆ ಹತ್ತು ಹನ್ನೆರಡು ದೂರು, ಅದರಲ್ಲಿ ಎರಡು ಮೂರು ರಾಜೂರಿನ ಕಡೆಯವು.

ಲೈನು ಒಂದೇ, ಲ್ಯಾಪ್‌ಟಾಪು ಒಂದೇ ಆದರೂ ಬ್ರೌಸರ್ ಬದಲಾದರೆ ಅಂಕಿ ಬದಲಾಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಎರಡು ಮೂರು ಹೆಚ್ಚುಕಡಿಮೆ ಎಲ್ಲ ಕಡೆ ಇದ್ದದ್ದೇ. ಒಂದೊಂದು ಬ್ರೌಸರಿನ ಒಳಗಿನ ಕೆಲಸದ ರೀತಿಯೇ ಬೇರೆ. ಹಳೆಯ ಮಶೀನಿನಲ್ಲಿ ಇಪ್ಪತ್ತು ಪುಟ ತೆರೆದಿಟ್ಟುಕೊಂಡು ಅಳೆದರೆ ಅದೂ ಒಂದು ಭಾರ. ಆದರೆ ಕೆಲವು ಮನೆಗಳಲ್ಲಿ ಅಂತರ ಎಂಟು ಹತ್ತು ಪಟ್ಟು ಇರುತ್ತಿತ್ತು. ಅಂಥಲ್ಲಿ ಹೆಚ್ಚು ತೋರಿಸುವ ಬ್ರೌಸರಿನಲ್ಲೇ ಅಳೆದು ಎದ್ದು ಬರುವುದು ಅವನ ರೂಢಿ. ಯಾಕೆ ಹೀಗೆ ಎಂದು ಕೆದಕಲು ಕುಳಿತರೆ ಅರ್ಧ ದಿನ ಹೋಗುತ್ತಿತ್ತು. ಅವನು ಕುಳಿತಿರಲಿಲ್ಲ.

ಆ ಬುಧವಾರ ಅವನು ಮಹಮ್ಮದಸಾಬರ ಮನೆಗೆ ಹೋದದ್ದೂ ಹಾಗೆಯೇ. ಮಹಮ್ಮದಸಾಬರು ತಗಡಿನ ಟ್ರಂಕು ಮಾಡುವವರು. ಮುಂದೆ ಅಂಗಡಿ, ಹಿಂದೆ ಮನೆ. ಮಗಳು ಅಫ್ರೀನ ಗಣಿತದಲ್ಲಿ ಪದವಿ ಮುಗಿಸಿ, ಹುಬ್ಬಳ್ಳಿಯ ಒಂದು ಸಂಸ್ಥೆಗೆ ಮನೆಯಿಂದಲೇ ಮಕ್ಕಳಿಗೆ ಪಾಠ ಹೇಳುವ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಎರಡು ಸಲ ಪರೀಕ್ಷಾರ್ಥ ಪಾಠ ಕೊಟ್ಟಾಗಲೂ ನಡುವೆ ಚಿತ್ರ ನಿಂತುಹೋಗಿತ್ತು. ಸಂಸ್ಥೆಯವರು ಅವಳನ್ನು ತಳ್ಳಿಹಾಕಿರಲಿಲ್ಲ. ಪಾಠ ಮಾಡುವ ಬ್ರೌಸರಿನಲ್ಲೇ ವೇಗ ಅಳೆದ ವರದಿ ಬೇಕು, ಕನಿಷ್ಠ ಹದಿನೈದು ಎಂಬಿಪಿಎಸ್ ಇರಬೇಕು, ಎರಡು ಪಾಠ ಕೆಟ್ಟದ್ದಕ್ಕೆ ಕಾರಣ ತಿಳಿಸಿ ಇಂಟರ್ನೆಟ್‌ನವರ ಪತ್ರವೂ ಬೇಕು, ಶನಿವಾರ ಸಂಜೆ ಐದರೊಳಗೆ ಬರಬೇಕು ಎಂದಿದ್ದರು. ಇದನ್ನೆಲ್ಲ ಅವಳು ಶಂಭುಲಿಂಗನಿಗೆ ಬಿಡಿಸಿ ಹೇಳಿದಳು. ಅವನು ಕೇಳಿಸಿಕೊಳ್ಳುತ್ತ ರೂಟರಿನ ದೂಳು ಒರೆಸಿದ.

"ಅಣ್ಣಾರ, ನಾ ಪಾಠ ಮಾಡೋದು ಈ ಬ್ರೌಸರ್‌ನ್ಯಾಗ. ಲೆಕ್ಕ ಬರದು ತೋರ್ಸೋ ಅವರ ಬೋರ್ಡು ಇದರಾಗ ಮಾತ್ರ ತೆರೀತೈತಿ. ಇದರಾಗ ನೋಡ್ರಿ, ಐದರ ಮ್ಯಾಲ ಏರವಲ್ದು" ಎಂದಳು.

ಲೈನ್ ನೋಡಲಿಕ್ಕೆ ಯಾವುದಾದರೂ ನಡೆಯುತ್ತದೆ ಎಂದು ಹೇಳಿ, ಅವನು ಲ್ಯಾಪ್‌ಟಾಪಿನ ಜೊತೆಗೇ ಬಂದಿದ್ದ ಇನ್ನೊಂದು ಬ್ರೌಸರ್ ತೆರೆದ. ನಲವತ್ತಾರು ಬಂತು. ಅಷ್ಟು ಹೊತ್ತಿಗೆ ಮಹಮ್ಮದಸಾಬರು ತಗಡು ಕತ್ತರಿಸುವ ಕತ್ತರಿ ಕೈಯಲ್ಲಿ ಹಿಡಿದೇ ಒಳಗೆ ಬಂದಿದ್ದರು. ಕನ್ನಡಕ ಏರಿಸಿ ಪರದೆ ನೋಡಿದರು, ಆಮೇಲೆ ಮಗಳನ್ನು ನೋಡಿದರು. ಅಂಗುಲದ ಎಂಟನೇ ಪಾಲಾದ ಒಂದು ಸೂತಿನಷ್ಟು ಅಳತೆ ತಪ್ಪಿದರೂ ಮುಚ್ಚಳ ಕೂರದ ಕೆಲಸ ಅವರದು. ಅಂಕಿ ಎಂದರೆ ಅವರಿಗೆ ಅಂಕಿಯೇ.

"ಬೇಕಾದ್ದು ಹದಿನೈದು. ಇಲ್ಲಿ ನಲವತ್ತಾರು ಐತಿ" ಎಂದರು. "ಹಂಗಾರ ತಪ್ಪು ಎಲ್ಲೈತಿ ತಮ್ಮಾ?"

ಶಂಭುಲಿಂಗ ಚೀಲದ ಜಿಪ್ಪು ಎಳೆಯುತ್ತಿದ್ದ. "ಲೈನಿನ್ಯಾಗಂತೂ ಇಲ್ರಿ ಸಾಬರ. ಬಳಸೋರ ಕೈಯಾಗ ಇರಬಹುದು."

ಅಫ್ರೀನ ಏನೋ ಹೇಳಲು ಬಾಯಿ ತೆರೆದಳು. ಮಹಮ್ಮದಸಾಬರು ಓಟಿಪಿ ಓದಿ ಹೇಳಿದರು. ದೂರು ಹಸಿರಾಯಿತು. ಪತ್ರದ ಮಾತು ಮತ್ತೆ ಬರಲಿಲ್ಲ. ಇಲ್ಲದ ದೋಷಕ್ಕೆ ಕಾರಣ ಬರೆದುಕೊಡುವುದು ಹೇಗೆ?

ಶುಕ್ರವಾರ ಮಧ್ಯಾಹ್ನ ಕಳಕವ್ವನ ಮನೆಯಿಂದ ದೂರು ಬಂತು. ಕಳಕವ್ವ ಕೈಮಗ್ಗದ ಸೀರೆ ನೇಯುವವಳು. ವ್ಯಾಪಾರಿಗಳಿಗೆ ಅಂಚು ಸೆರಗುಗಳನ್ನು ಲ್ಯಾಪ್‌ಟಾಪಿನ ವಿಡಿಯೋದಲ್ಲೇ ತೋರಿಸುತ್ತಿದ್ದಳು. ನಾಲ್ಕು ದಿನದಿಂದ ಸೆರಗು ತೋರಿಸುವಷ್ಟರಲ್ಲಿ ಚಿತ್ರ ಕಲ್ಲಾಗುತ್ತಿತ್ತು. ಅವಳ ಮಗಳು ಎರಡೂ ಬ್ರೌಸರುಗಳಲ್ಲಿ ವೇಗ ಅಳೆದು, ಎರಡೂ ಕಿಟಕಿಗಳನ್ನು ಪಕ್ಕಪಕ್ಕ ತೆರೆದಿಟ್ಟು ಕಾಲೇಜಿಗೆ ಹೋಗಿದ್ದಳು. ಒಂದರಲ್ಲಿ ನಲವತ್ತನಾಲ್ಕು, ಇನ್ನೊಂದರಲ್ಲಿ ಐದು. ಶಂಭುಲಿಂಗ ಮಾಮೂಲಿನಂತೆ ದೊಡ್ಡ ಅಂಕಿಯ ಮೇಲೆ ಬೆರಳಿಟ್ಟ.

ಕಳಕವ್ವ ಮಗ್ಗದಿಂದ ಏಳಲಿಲ್ಲ. "ಒಂದ ಸೀರಿ ಹಿಂಗ ಅಳದ್ರ ಒಂಬತ್ತ ಗಜ, ಹಂಗ ಅಳದ್ರ ಒಂದ ಗಜ ಆಗತೈತೇನೋ ತಮ್ಮಾ? ನಾ ಹಂಗಂದ್ರ ವ್ಯಾಪಾರಿ ಬಿಡತಾನೇನು? ಎರಡೂ ಯಾಕ ಬ್ಯಾರೆ ಅದಾವ ಅನ್ನೋದನ್ನ ಹೇಳು. ಅಲ್ಲೀತನಕ ಆ ನಂಬರ ನಾ ಹೇಳಂಗಿಲ್ಲ" ಎಂದು ಲಾಳಿ ಒಗೆದಳು.

ಓಟಿಪಿ ಸಿಗುವಂತಿರಲಿಲ್ಲ. ಅವನು ಒಂಬತ್ತು ವರ್ಷದಲ್ಲಿ ಮೊದಲ ಸಲ ಸಣ್ಣ ಅಂಕಿಯ ಮುಂದೆ ಕುಳಿತ. ಅಂಕಿಯ ಕೆಳಗೆ ತೆಳು ಅಕ್ಷರದ ಒಂದು ಸಾಲು ಇತ್ತು. ಅಳತೆ ಯಾವ ಊರಿನ ಸರ್ವರಿನ ಜೊತೆ ನಡೆಯಿತು ಎಂದು ಅಲ್ಲಿ ಬರೆದಿರುತ್ತದೆ. ದೊಡ್ಡ ಅಂಕಿಯ ಕೆಳಗೆ ಹುಬ್ಬಳ್ಳಿ ಎಂದಿತ್ತು. ಸಣ್ಣ ಅಂಕಿಯ ಕೆಳಗೆ ಆಮ್‌ಸ್ಟರ್‌ಡ್ಯಾಮ್ ಎಂದಿತ್ತು.

ಗಜೇಂದ್ರಗಡದ ಮಗ್ಗದ ಮನೆಯ ಬ್ರೌಸರು ತಾನು ಯುರೋಪಿನಲ್ಲಿದ್ದೇನೆ ಎಂದುಕೊಂಡಿತ್ತು. ಯಾಕೆ ಎಂದು ಹುಡುಕಲು ಹತ್ತು ನಿಮಿಷವೂ ಹಿಡಿಯಲಿಲ್ಲ. ಮೂಲೆಯಲ್ಲಿ ಹಸಿರು ಗುರಾಣಿಯ ಚಿತ್ರವಿದ್ದ ಒಂದು ಎಕ್ಸ್‌ಟೆನ್ಶನ್ ಕೂತಿತ್ತು. ಎಕ್ಸ್‌ಟೆನ್ಶನ್ ಎಂದರೆ ಒಂದು ಬ್ರೌಸರಿಗೆ ಅಂಟಿಕೊಂಡು ಅದರೊಳಗೆ ಮಾತ್ರ ಕೆಲಸ ಮಾಡುವ ಚಿಕ್ಕ ತಂತ್ರಾಂಶ. ಜಾಹೀರಾತು ತಡೆಯುತ್ತೇನೆ, ಸುರಕ್ಷಿತವಾಗಿಡುತ್ತೇನೆ ಎನ್ನುವ ಇದು, ಆ ಬ್ರೌಸರಿನ ಮಾಹಿತಿಯನ್ನೆಲ್ಲ ದೂರದೇಶದ ತನ್ನ ಸರ್ವರಿಗೆ ಕಳಿಸಿ, ಅಲ್ಲಿಂದ ತಿರುಗಿಸಿ ತರುತ್ತಿತ್ತು. ಪಕ್ಕದ ಬ್ರೌಸರಿಗೆ ಆ ಸುತ್ತು ಇರಲಿಲ್ಲ. ಅವನು ಅದನ್ನು ಕಿತ್ತುಹಾಕಿ ಮತ್ತೆ ಅಳೆದ. ಹುಬ್ಬಳ್ಳಿ, ನಲವತ್ತೆರಡು.

ಕಳಕವ್ವ ಓಟಿಪಿ ಹೇಳಿ, ಇದನ್ನು ಅಲ್ಲಿ ಹಾಕಿದ್ದು ಯಾರು ಎಂದು ಕೇಳಿದಳು. ಎಲ್ಲಿಂದಲೋ ಬಂದು ಕೂತಿರುತ್ತವೆ ಎಂದು ಅವನು ಹೇಳಿ ಹೊರಬಿದ್ದ.

ಎಲ್ಲಿಂದಲೂ ಬಂದಿರಲಿಲ್ಲ. ಅದು ಅವನ ಕೊರಳಲ್ಲಿ ದಾರಕ್ಕೆ ಜೋತುಬಿದ್ದಿದ್ದ ಪೆನ್‌ಡ್ರೈವಿನಿಂದ ಬಂದಿತ್ತು. ಹೊಸ ಲೈನು ಕೊಟ್ಟ ಮನೆಗಳಲ್ಲಿ ಲ್ಯಾಪ್‌ಟಾಪು ಇದ್ದರೆ, ಇನ್ನೊಂದು ಬ್ರೌಸರ್ ಹಾಕಿ ಅದಕ್ಕೆ ಹಸಿರು ಗುರಾಣಿ ಅಂಟಿಸಿ ಕೊಡುವುದು ಅವನ ಕಡೆಯ ಉಪಕಾರ. ಕಚೇರಿ ಹೇಳಿದ್ದಲ್ಲ, ಹಣಕ್ಕೆ ಮಾಡಿದ್ದಲ್ಲ. ಮಕ್ಕಳಿರುವ ಮನೆ, ಹೊಲಸು ಜಾಹೀರಾತು ಬರುವುದಿಲ್ಲ ಎಂದು ಹೇಳಿದಾಗ ಮನೆಯವರು ಚಹಾ ಕೊಡುತ್ತಿದ್ದರು. ಅಫ್ರೀನಳ ಲ್ಯಾಪ್‌ಟಾಪಿಗೂ ಅವನೇ ಹಾಕಿದ್ದ. ಮೊದಮೊದಲು ಚೆನ್ನಾಗಿಯೇ ಇದ್ದದ್ದು ಯಾವಾಗ ಈ ಸುತ್ತುದಾರಿ ಹಿಡಿಯಿತೋ ಅವನು ನೋಡಿರಲಿಲ್ಲ.

ಮಹಮ್ಮದಸಾಬರ ಅಂಗಡಿ ಅಲ್ಲಿಂದ ಐದು ನಿಮಿಷದ ದಾರಿ. ಅವನು ಬೈಕನ್ನು ರೋಣದ ರಸ್ತೆಗೆ ತಿರುಗಿಸಿದ. ಅಲ್ಲೊಂದು ದೂರು ಇತ್ತು, ನಿಜ. ಆದರೆ ಅದು ಸೋಮವಾರದವರೆಗೆ ಕಾಯುವ ದೂರು. ಸಂಜೆ ಫೋನು ತೆಗೆದು ಮಹಮ್ಮದಸಾಬರ ನಂಬರು ನೋಡಿ ಮತ್ತೆ ಜೇಬಿಗಿಟ್ಟ. ಯಾರಾದರೂ ಬಲ್ಲವರು ಅಫ್ರೀನಳಿಗೆ ತೋರಿಸಿಕೊಟ್ಟಿರಬಹುದು, ಅವಳೇ ಓದಿದವಳು, ಇಷ್ಟರಲ್ಲಿ ಕಂಡುಹಿಡಿದಿರಬಹುದು ಎಂದೆಲ್ಲ ಲೆಕ್ಕ ಹಾಕಿದ. ಹೆಂಡತಿ ರೊಟ್ಟಿ ಬಡಿಯುತ್ತ ಏನಾಯಿತು ಎಂದಳು. ಬಿಸಿಲು ಎಂದ. ಬಳಸೋರ ಕೈಯಾಗ ಇರಬಹುದು ಎಂಬ ತನ್ನದೇ ಮಾತು ಊಟದ ನಡುವೆ ಮತ್ತೆ ಮತ್ತೆ ಬಂತು.

ಶನಿವಾರ ಅವನು ಅಲ್ಲಿಗೆ ಹೋದಾಗ ಮೂರೂವರೆ ದಾಟಿತ್ತು. ಬೆಳಿಗ್ಗೆಯೇ ಹೋಗಬಹುದಿತ್ತು.

ಅಫ್ರೀನ ಅಂಗಡಿಯ ಮುಂದೆ ಮಣೆ ಹಾಕಿಕೊಂಡು ನೀಲಿ ಟ್ರಂಕಿನ ಮೇಲೆ ಗುಲಾಬಿ ಹೂವು ಬಿಡಿಸುತ್ತಿದ್ದಳು. ಕೈ ಮೊಣಕೈವರೆಗೂ ಬಣ್ಣವಾಗಿತ್ತು. ಸಂಸ್ಥೆಗೆ ಏನು ಕಳಿಸಿದಿರಿ ಎಂದು ಕೇಳಿದ. ಏನನ್ನೂ ಕಳಿಸಿಲ್ಲ ಎಂದಳು, ತಲೆ ಎತ್ತದೆ. ನಲವತ್ತಾರು ಕಣ್ಣಾರೆ ನೋಡಿದ ಮೇಲೆ ಐದೇ ಬರುತ್ತದೆ, ಸಮಯ ಕೊಡಿ ಎಂದು ಬರೆಯುವುದು ಸುಳ್ಳು ಎಂದು ಅಬ್ಬಾ ತಡೆದರಂತೆ. ಪಾಠ ಹೇಳಲು ಅಂಜಿಕೆ ಇದ್ದರೆ ಅಂಜಿಕೆ ಎನ್ನಬೇಕಿತ್ತು, ನೆಟ್ಟಿನ ಮೇಲೆ ಹಾಕಬಾರದಿತ್ತು ಎಂದಿದ್ದರಂತೆ. ಬುಧವಾರದಿಂದ ಅವರು ಅವಳ ಜೊತೆ ಮಾತಾಡಿರಲಿಲ್ಲ. ಕುಂಚ ಎಲ್ಲಿದೆ ಎನ್ನುವುದನ್ನೂ ತಾಯಿ ಬೀಬಿಜಾನಳ ಮೂಲಕ ಕೇಳುತ್ತಿದ್ದರು.

ಶಂಭುಲಿಂಗ ಲ್ಯಾಪ್‌ಟಾಪು ತರಲು ಹೇಳಿದ. ಮಹಮ್ಮದಸಾಬರನ್ನೂ ಕರೆದ. ಮೊದಲು ಅವಳ ಬ್ರೌಸರಿನಲ್ಲೇ ಅಳೆದ: ಐದು. ಕೆಳಗಿನ ಸಾಲನ್ನು ಬೆರಳಿಟ್ಟು ತೋರಿಸಿದ. ಹಸಿರು ಗುರಾಣಿಯನ್ನು ತೋರಿಸಿ, ಕಿತ್ತು, ಮತ್ತೆ ಅಳೆದ: ನಲವತ್ತೊಂದು. ಇದನ್ನು ಹಾಕಿದವನು ತಾನೇ ಎಂದೂ ಹೇಳಿದ. ಅಷ್ಟು ಹೇಳಿದ್ದಕ್ಕೆ ಎದೆ ಸ್ವಲ್ಪ ಹಗುರಾಯಿತು. ಗೊತ್ತಿಲ್ಲದೆ ಆದದ್ದು ಎಂದು ಸೇರಿಸಿದ.

ಮಹಮ್ಮದಸಾಬರು ಎರಡೂ ಅಂಕಿಗಳನ್ನು ನೋಡಿದರು. ಮಾತಾಡಿದವಳು ಅಫ್ರೀನ.

"ಅಣ್ಣಾರ, ಇದರಾಗ ನೋಡ್ರಿ ಅಂತ ನಾ ಅವತ್ತ ಹೇಳಿದ್ನಿ. ನೀವು ಅದನ್ನ ತೆರದ್ರಿ. ಇದರಾಗ ಕಡಿಮಿ ಬರತೈತಿ ಅಂತ ನಿಮಗ ಅವಾಗ ಗೊತ್ತಿತ್ತೋ ಇಲ್ಲೋ?"

ಕಾರಣ ಗೊತ್ತಿರಲಿಲ್ಲ ಎಂದರೆ ಅದು ನಿಜವೇ. ಅವನ ನಾಲಗೆಯ ತುದಿಗೆ ಬಂದದ್ದೂ ಅದೇ. ಆದರೆ ಅವಳು ಕಾರಣ ಕೇಳಿರಲಿಲ್ಲ.

"ಕಡಿಮಿ ಬರತೈತಿ ಅಂತ ಗೊತ್ತಿತ್ತವ್ವಾ" ಎಂದ. "ಅದಕ್ಕ ಅದನ್ನ ತೆರೀಲಿಲ್ಲ."

ಒಳಗಿನಿಂದ ಬಂದು ನಿಂತಿದ್ದ ಬೀಬಿಜಾನ ಕೈಯಲ್ಲಿದ್ದ ಚಹಾದ ಬಟ್ಟಲನ್ನು ಅವನ ಮುಂದೆ ಇಡಲಿಲ್ಲ. ಕಟ್ಟೆಯ ಮೇಲೆ ದೂರ ಇಟ್ಟಳು. ಗಡಿಯಾರದಲ್ಲಿ ನಾಲ್ಕು ಹತ್ತು. ಅವನು ಚೀಲದಿಂದ ಕಚೇರಿಯ ಹೆಸರಿದ್ದ ಹಾಳೆ ತೆಗೆದು ಪತ್ರ ಬರೆಯಲು ಕುಳಿತ. ತಾಂತ್ರಿಕ ಕಾರಣದಿಂದ ವೇಗ ಕುಂದಿತ್ತು, ಈಗ ಸರಿಪಡಿಸಲಾಗಿದೆ ಎಂದು ಬರೆದು ಮುಂದಿಟ್ಟ. ಮಹಮ್ಮದಸಾಬರು ಅದನ್ನು ಕಣ್ಣಿನ ಹತ್ತಿರ ಹಿಡಿದು, ಒಂದೊಂದು ಶಬ್ದ ಮುಟ್ಟಿ ಓದಿದರು.

"ಯಾರು ಮಾಡಿದ್ದು ಅಂತ ಇಲ್ಲ ಇದರಾಗ" ಎಂದರು. "ನನ್ನ ಮಗಳಿಗೆ ಸುಳ್ಳಿ ಅಂದೀನಿ ತಮ್ಮಾ. ನಾಲ್ಕ ದಿನ ಮಾತಾಡಿಸಿಲ್ಲ. ಅದು ನನ್ನ ತಪ್ಪು, ನಾ ನೋಡ್ಕೋತೀನಿ. ನಿಂದು ನೀ ಬರಿ. ಗೊತ್ತಿತ್ತು ಅಂತ ಬರಿ."

ಹಾಗೆ ಬರೆದರೆ ನಜೀರಸಾಬರು ಏನು ಮಾಡುತ್ತಾರೆ ಎಂದು ಅವನಿಗೆ ಅಂದಾಜಿತ್ತು. ಒಬ್ಬ ಲೈನ್‌ಮನ್ ದೂರುಗಳನ್ನು ಹೇಗೆ ಹಸಿರು ಮಾಡುತ್ತಾನೆಂದು ಕಚೇರಿಯ ಹಾಳೆಯ ಮೇಲೇ ಬಂದರೆ, ಉಳಿದ ಗಿರಾಕಿಗಳು ಸುಮ್ಮನಿರುವುದಿಲ್ಲ. ಅವನು ಎರಡನೆಯ ಹಾಳೆ ತೆಗೆದ. ಎಕ್ಸ್‌ಟೆನ್ಶನ್ ಹಾಕಿದವನು ತಾನು, ಬುಧವಾರ ಗ್ರಾಹಕರು ಕೇಳಿಕೊಂಡರೂ ಪಾಠದ ಬ್ರೌಸರಿನಲ್ಲಿ ಪರೀಕ್ಷಿಸಲಿಲ್ಲ, ಅದರಲ್ಲಿ ವೇಗ ಕಡಿಮೆ ಬರುವುದು ಗೊತ್ತಿದ್ದೇ ಬೇರೆ ಬ್ರೌಸರಿನಲ್ಲಿ ತೋರಿಸಿದೆ, ಪಾಠ ಕೆಟ್ಟದ್ದರಲ್ಲಿ ಅಫ್ರೀನ ಅವರ ತಪ್ಪಿಲ್ಲ ಎಂದು ಬರೆದ. ದಿನಾಂಕ ಹಾಕಿದ, ಸಹಿ ಮಾಡಿದ, ಕೆಳಗೆ ಫೋನ್ ನಂಬರು ಬರೆದ.

ಅಫ್ರೀನ ಸೀಮೆಎಣ್ಣೆಯಿಂದ ಕೈಯ ಬಣ್ಣ ಒರೆಸಿಕೊಂಡು ಬಂದಳು. ಪತ್ರದ ಫೋಟೋ ತೆಗೆದು, ನಲವತ್ತೊಂದರ ವರದಿಯ ಜೊತೆ ಸೇರಿಸಿದಳು. ಮಹಮ್ಮದಸಾಬರು ಅವಳ ಹಿಂದೆ ಬಂದು ನಿಂತು, ತಮ್ಮ ಮನೆಮಾತಿನಲ್ಲಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಶಂಭುಲಿಂಗನಿಗೆ ಅರ್ಧ ತಿಳಿಯಿತು. ಪೂರ್ತಿ ತಿಳಿಯುವ ಹಕ್ಕು ತನಗಿಲ್ಲವೆನಿಸಿ ಬೀದಿಯ ಕಡೆ ಮುಖ ಮಾಡಿದ. ಅವಳು ಅಪ್ಪನಿಗೆ ಪರದೆ ಕಾಣುವಂತೆ ಸ್ವಲ್ಪ ಸರಿದು ಕುಳಿತಳು. ನಾಲ್ಕು ಮೂವತ್ತೈದಕ್ಕೆ ಮೇಲ್ ಹೋಯಿತು. ಸಂಸ್ಥೆಯವರು ಒಪ್ಪುತ್ತಾರೋ ಇಲ್ಲವೋ ಸೋಮವಾರ ತಿಳಿಯಬೇಕು.

"ನಿಮ್ಮ ಆಫೀಸಿಗೂ ಒಂದು ಕಾಪಿ ಕಳಸ್ತೀನ್ರಿ" ಎಂದಳು. ಕೇಳುವ ದನಿಯಾಗಿರಲಿಲ್ಲ. "ಅವರ ಮೇಲ್ ವಿಳಾಸ ಹೇಳ್ರಿ."

ಗೊತ್ತಿಲ್ಲ ಎನ್ನಬಹುದಿತ್ತು. ಶಂಭುಲಿಂಗ ಮಣೆಯ ಪಕ್ಕದಲ್ಲಿ ನಿಂತು, ಅವಳಿಗೆ ತಪ್ಪಾಗದ ಹಾಗೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.