ಫ್ರೆಂಚಿನಲ್ಲಿ ನನ್ನ ಮನೆ

"ಮಗಳು ಬರಾಕತ್ಯಾಳ, ಅದಕ್ಕ ಮನಿ ಬೇಕಾಗ್ಯದ. ತಪ್ಪು ತಿಳ್ಕೋಬ್ಯಾಡವಾ," ಎಂದು ಮನೆಯೊಡತಿ ಅಂಬಮ್ಮ ಮೆಟ್ಟಿಲ ಮೇಲೆ ನಿಂತೇ ಹೇಳಿದಳು. ತಿಂಗಳ ಕೊನೆಗೆ ಖಾಲಿ ಮಾಡಬೇಕಂತೆ. ಅದಕ್ಕೆ ಇನ್ನು ಮೂರೇ ದಿನ. ವಿಶಾಖಾ ಆಗಲಿ ಎಂದಳು. ಅಂಬಮ್ಮನ ಮಗಳು ಕಾವ್ಯಾ ಮಾನ್ವಿಯಲ್ಲಿ ಗಂಡನ ಮೂರಂತಸ್ತಿನ ಮನೆಯಲ್ಲಿ ಹಾಯಾಗಿದ್ದಾಳೆಂಬುದು ಓಣಿಗೆಲ್ಲ ಗೊತ್ತು. ರಾಯಚೂರಿಗೆ ಬಂದ ಎರಡು ವರ್ಷದಲ್ಲಿ ವಿಶಾಖಾಳಿಗೆ ಇದು ಮೂರನೇ ಬಾಡಿಗೆ ಮನೆ. ಪ್ರತಿ ಸಲವೂ ಯಾರದೋ ಮಗಳು ಬರುತ್ತಾಳೆ.

ನಿನ್ನೆ ಮಧ್ಯಾಹ್ನದವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆಸ್ಪತ್ರೆಯ ನರ್ಸಮ್ಮ ಎಂದು ಅಂಬಮ್ಮ ಅವಳ ಹತ್ತಿರ ಬಿಪಿ ನೋಡಿಸಿಕೊಳ್ಳುತ್ತಿದ್ದಳು, ಹಬ್ಬಕ್ಕೆ ಹೋಳಿಗೆ ಕೊಡುತ್ತಿದ್ದಳು. ಕಣ್ಣು ತೋರಿಸಲು ಗೂಗಲ್ ಹಳ್ಳಿಯಿಂದ ಬಂದ ವಿಶಾಖಾಳ ತಾಯಿ ಮೂಕಮ್ಮ, ಬಿಸಿಲಲ್ಲಿ ನಡೆದು ಸುಸ್ತಾಗಿ ಅಂಗಳದಲ್ಲಿ ನಿಂತಾಗ ಅಂಬಮ್ಮ ತಾನಾಗಿಯೇ ಲೋಟದಲ್ಲಿ ನೀರು ತಂದಳು. ಮೂಕಮ್ಮ ಲೋಟ ಹಿಡಿಯಲಿಲ್ಲ. ಬಾಗಿ, ಬೊಗಸೆ ಮಾಡಿ ಬಾಯಿಗೆ ಹಚ್ಚಿದಳು. ಅಂಬಮ್ಮ ಆ ಬೊಗಸೆಯನ್ನು ನೋಡಿದಳು. ಆಮೇಲೆ ಲೋಟ ಎತ್ತಿ ಹಿಡಿದು ಮೇಲಿನಿಂದ ನೀರು ಹೊಯ್ದಳು. ಜಾತಿ ಕೇಳುವ ಪ್ರಸಂಗವೇ ಬರಲಿಲ್ಲ.

"ಲೋಟ ಕೈಯಾಗ ತಗೋಬಾರದೇನಬೇ?" ಅಂಬಮ್ಮ ಹೋದ ಮೇಲೆ ವಿಶಾಖಾ ತಾಯಿಯನ್ನು ಕೇಳಿದಳು.

"ಗೊತ್ತಾಗ್ಲಿಲ್ಲ ಯವ್ವಾ. ಕೈ ತಾವಾ ಹೋದ್ವು."

ತಾಯಿಯ ಮೇಲೆ ಸಿಟ್ಟು ಬಂತು. ಸಿಟ್ಟು ಬಂದದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಸಿಟ್ಟು ಇಳಿಯಲಿಲ್ಲ.

ಅಂಬಮ್ಮ ಮನೆ ಬಿಡಲು ಹೇಳಿದ ದಿನವೇ ಸಂಜೆ ಆರರೊಳಗೆ ವಿಶಾಖಾ ಒಂದು ವಿಡಿಯೋ ಕಳಿಸಬೇಕಿತ್ತು. ಕೆನಡಾದಲ್ಲಿ ಫ್ರೆಂಚ್ ಆಡುವ ಕಡೆ ನರ್ಸ್ ಕೆಲಸಕ್ಕೆ ಅರ್ಜಿ ಹಾಕಿದ್ದಳು. ಮೊಬೈಲಿನಲ್ಲಿ ಭಾಷೆ ಕಲಿಸುವ ಹೈದರಾಬಾದಿನ ಕಹಕಶಾನ್ ಮೇಡಂ, ನಿಮ್ಮ ಮನೆ ತೋರಿಸುತ್ತ ಫ್ರೆಂಚಿನಲ್ಲಿ ನಾಲ್ಕು ಮಾತು ಹೇಳಿ, ಇಲ್ಲದಿದ್ದರೆ ಪರೀಕ್ಷೆಗೆ ನಿಮ್ಮ ಹೆಸರು ಹೋಗುವುದಿಲ್ಲ ಎಂದಿದ್ದರು. ವಿಶಾಖಾ ಕಿಟಕಿಗೆ ಮೊಬೈಲು ಆನಿಸಿ ನಿಲ್ಲಿಸಿ ಬಾಯಿಪಾಠ ಮಾಡತೊಡಗಿದಳು. 'ಜಾಬೀತ್ ಆ ರಾಯಚೂರ್.' ನಾನು ರಾಯಚೂರಿನಲ್ಲಿ ವಾಸವಾಗಿದ್ದೇನೆ. ಅದು ಸಲೀಸಾಗಿ ಬಂತು. 'ಇಸಿ, ಜ ಮ ಸಾಂ ಶೆ ಮ್ವಾ' ಎನ್ನುವಲ್ಲಿ ನಾಲಿಗೆ ತಡವರಿಸಿತು.

ಯಾರೂ ಹೇಳದೆಯೇ ಹಳೆ ಸೀರೆಯಲ್ಲಿ ಪಾತ್ರೆ ಕಟ್ಟುತ್ತಿದ್ದ ಮೂಕಮ್ಮ, ಹಂಗಂದರೇನು ಎಂದು ಕೇಳಿದಳು.

"ಇಲ್ಲಿ ನನಗ ನನ್ನ ಮನ್ಯಾಗ ಇದ್ದಂಗ ಅನಸ್ತದ ಅಂತ."

ಮೂಕಮ್ಮ ಕಟ್ಟಿದ ಗಂಟುಗಳನ್ನು ಒಂದೊಂದಾಗಿ ಬಚ್ಚಲ ಕಡೆಗೆ ಸರಿಸಿದಳು. ಮೊಬೈಲಿನ ಮುಂದೆ ಬಂದು ಬಗ್ಗಿ ನೋಡಿದಳು.

"ನಾ ಕಾಣ್ತೀನೇನು ಅದರಾಗ?"

"ಸ್ವಲ್ಪ."

ಮೂಕಮ್ಮ ಸೆರಗು ಹೊದ್ದು ಹೊರಗೆ ಹೋಗಿ, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು. ವಿಶಾಖಾ ಬೇಡ ಎನ್ನಲಿಲ್ಲ. ಕೂದಲು ಸರಿಮಾಡಿಕೊಂಡು, ನಗುಮುಖ ಮಾಡಿ, ಗುಂಡಿ ಒತ್ತಿದಳು.