ಪಕ್ಕದ ಕುರ್ಚಿಯ ಟಿಶ್ಯೂ ಪೊಟ್ಟಣ

ಪಿನಾಂಗಿನಲ್ಲಿ ಹಡಗು ನಿಂತಾಗ ನನ್ನ ಗಂಡ ಕೆಂಗ್ ಹುವಾಟ್ ಮಂಡಿನೋವೆಂದು ಇಳಿಯಲಿಲ್ಲ. "ನೀನು ಹೋಗಿ ಊರು ನೋಡ್ಕೊಂಡು, ಲಕ್ಸಾ ತಿಂದು ಬಾ. ಸಂಜೆ ಸಿಗೋಣ" ಎಂದ. ಹಿಂದಿನ ದಿನ ಇದೇ ಮಂಡಿಯಲ್ಲಿ ಅವನು ಕುಣಿದದ್ದು ನೆನಪಾಗಿ, ನಾನು ಲಕ್ಸಾ ಅರ್ಧಕ್ಕೇ ಬಿಟ್ಟು ಮಧ್ಯಾಹ್ನವೇ ಮರಳಿದೆ.

ಮೇಲಿನ ಡೆಕ್ಕಿನಲ್ಲಿ ಅವನೊಬ್ಬನೇ ಕುಳಿತಿದ್ದ. ಪಕ್ಕದ ಕುರ್ಚಿಯ ಮೇಲೆ ಟಿಶ್ಯೂ ಪೊಟ್ಟಣವೊಂದಿತ್ತು. ನಾವು ಸಿಂಗಾಪುರದವರು, ಬರಬೇಕಾದವರಿಗೆ ಜಾಗ ಹಿಡಿದಿಡುವುದು ಹೀಗೆಯೇ. ಡೆಕ್ ಪೂರ್ತಿ ಖಾಲಿಯಿದ್ದರೂ ಅವನ ಕೈ ಅಭ್ಯಾಸ ಬಿಟ್ಟಿರಲಿಲ್ಲ.

"ಯಾರಿಗಪ್ಪಾ ಈ ಜಾಗ?" ಎಂದೆ.

ಅವನು ಬೆಚ್ಚಿದ. "ಅಯ್ಯೋ, ಇನ್ಯಾರಿಗೆ? ನಿನಗೇ ಕಣೇ."

"ನಾನು ಬರೋದು ಸಂಜೆಗಲ್ವಾ?"

"ಬೇಗ ಬಂದ್ರೆ ಇರ್ಲಿ ಅಂತ..."

"ಇಷ್ಟೊಂದು ಕುರ್ಚಿ ಖಾಲಿ ಬಿದ್ದಿವೆ. ನನಗೆ ಜಾಗ ಸಿಗಲ್ಲ ಅಂತ ಭಯಾನಾ?"

ಅವನು ನಕ್ಕ, ಕಣ್ಣು ಮಾತ್ರ ಮೆಟ್ಟಿಲ ಕಡೆಗಿತ್ತು. ಪೊಟ್ಟಣವನ್ನು ಕೈಚೀಲಕ್ಕೆ ಹಾಕಿಕೊಂಡು ನಾನು ಆ ಕುರ್ಚಿಯಲ್ಲಿ ಕುಳಿತೆ. ಸ್ವಲ್ಪ ಹೊತ್ತಿಗೆ ಯಾರೋ ಮೆಟ್ಟಿಲು ಹತ್ತುವ ಸದ್ದು ಕೇಳಿಸಿತು. ಅದು ಅರ್ಧದಲ್ಲೇ ನಿಂತು, ಮೆಲ್ಲಗೆ ಕೆಳಗಿಳಿಯಿತು.

"ಗಾಳಿ ಚೆನ್ನಾಗಿದೆ ಅಲ್ವಾ?" ಎಂದ ಅವನು.

ಹಡಗು ಹೊರಡುವವರೆಗೂ ನಾನು ಅಲ್ಲಿಂದ ಏಳಲಿಲ್ಲ.