ಮಸ್ಕಿಯ ಪಾಳಿ

ಮೊಲ ನೋಡಿ ನೋಡಿ ಶಿವಕುಮಾರಿಗೆ ಸಾಕಾಗಿ ಹೋಗಿತ್ತು. ಕಿರೀಟ ಹಾಕಿದ ಮೊಲ, ಕನ್ನಡಕ ಹಾಕಿದ ಮೊಲ, ಶಾಲೆಗೆ ಹೊರಟ ಮೊಲ! ಸಿಂಧನೂರಿನ ಸುತ್ತ ಎಲ್ಲಿ ನೋಡಿದರೂ ಭತ್ತ, ಕಾಲುವೆ, ಬೆಳ್ಳಕ್ಕಿ; ಚಿತ್ರ ಬಿಡಿಸುವವರಿಗೆ ಮಾತ್ರ ಮೊಲವೇ ಬೇಕು, ಏನು ಹೇಳೋಣ. ಚಿತ್ರಕಲೆ ಕಲಿಸಿ ಕಲಿಸಿ ನಿವೃತ್ತಳಾದ ಆಕೆಯನ್ನು ಚಿಣ್ಣರ ಬಳಗದವರು ಮಕ್ಕಳ ಚಿತ್ರಪುಸ್ತಕ ಸ್ಪರ್ಧೆಗೆ ತೀರ್ಪುಗಾರಳಾಗಿ ಕರೆದು ಕೂರಿಸಿದ್ದರು. ಗೆದ್ದ ಪುಸ್ತಕ ಅಚ್ಚಾಗಿ ಸಿಂಧನೂರು, ಲಿಂಗಸೂಗೂರು, ಮಸ್ಕಿ ಮೂರೂ ತಾಲೂಕಿನ ಅಂಗನವಾಡಿಗಳಿಗೆ ಹೋಗುತ್ತದೆ. ಸೋತದ್ದು ಬರೆದವರ ಮನೆಯ ಟ್ರಂಕಿಗೆ ಹೋಗುತ್ತದೆ.

ಆಕೆಯ ಪದ್ಧತಿ ಒಂದೇ. ಅಕ್ಷರದ ಮೇಲೆ ಅಂಗೈ ಮುಚ್ಚಿ ಪುಟ ತಿರುವುವುದು. ಚಿತ್ರವೇ ಕಥೆ ಹೇಳಿದರೆ ಪಾಸು. ಹಾಗೆ ಬೇಸರದಲ್ಲಿ ತಿರುವುತ್ತಿದ್ದಾಗ ಒಂದು ಪುಸ್ತಕದಲ್ಲಿ ಕೈ ನಿಂತಿತು. ಕಾಲುವೆಯಲ್ಲಿ ಗೆಜ್ಜೆ ಕಳೆದುಕೊಂಡ ಹುಡುಗಿಯ ಕಥೆ. ಹುಡುಗಿಯ ಮುಖವೇ ಇರಲಿಲ್ಲ. ಏರಿಯ ಮೇಲೆ ಬೆನ್ನು ತಿರುಗಿಸಿ ಕೂತಿದ್ದಳು, ಹೆಗಲು ನೋಡಿದರೆ ಸಾಕು, ಅಳುತ್ತಿದ್ದಾಳೆಂದು ತಿಳಿಯುತ್ತಿತ್ತು. ಮುಂದಿನ ಪುಟದ ತುಂಬ ಬರೀ ನೀರು. ಅದರಲ್ಲಿ ತಲೆಕೆಳಗಾಗಿ ಅವ್ವನ ಬಿಂಬ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೇನು ಇಳಿಯಬೇಕು. ಅಯ್ಯೋ ಶಿವನೇ, ಎಷ್ಟು ಚೆಂದ!

"ಇದಕ್ಕ ಕೊಡೂನ್ರಿ," ಎಂದಳು.

ಜೊತೆಗೆ ತೀರ್ಪಿಗೆ ಕೂತಿದ್ದ ಲಿಂಗಸೂಗೂರಿನ ನಿವೃತ್ತ ಹೆಡ್‌ಮಾಸ್ತರ ಬಸ್ಸಪ್ಪ ನೋಡಿ "ಭಾರಿ ಐತಿ ಬಿಡ್ರಿ," ಎಂದ. ಮೂರನೆಯ ತೀರ್ಪುಗಾರ, ಮಸ್ಕಿಯ ಬಟ್ಟೆ ಅಂಗಡಿಯ ಪಂಪಾಪತಿಯೂ ಕಣ್ಣರಳಿಸಿದ. ಆಮೇಲೆ ಮೆಲ್ಲಗೆ ಹಿಂದಿನ ರಟ್ಟು ತಿರುಗಿಸಿದ. ಬರೆದವರ ಹೆಸರಿನ ಮೇಲೆ ಕಾಗದ ಅಂಟಿಸಿದ್ದರು, ಊರು ಮಾತ್ರ ಕಾಣುತ್ತಿತ್ತು. ಕಾಣಲೇಬೇಕಲ್ಲ! ಕಾಲುವೆಯ ನೀರನ್ನು ಪಾಳಿಯ ಮೇಲೆ ಬಿಟ್ಟುಕೊಂಡು ಬದುಕಿದ ಜನ. ಬಹುಮಾನವನ್ನೂ ಹಾಗೇ ವರ್ಷಕ್ಕೊಂದು ತಾಲೂಕಿಗೆ ಬಿಡುತ್ತಿದ್ದರು.

"ಜವಳಗೇರಾ. ಸಿಂಧನೂರ ತಾಲೂಕು ಆತಲ್ರೀ ಮೇಡಂ. ಹೋದ ವರ್ಷ ಲಿಂಗಸೂಗೂರಿಗಿ ಕೊಟ್ಟೀವಿ, ಈ ಸಲ ಮಸ್ಕಿ ಪಾಳಿ. ನಮ್ಮ ಮಂದಿಗಿ ನಾ ಏನ್ ಜವಾಬು ಹೇಳ್ಲಿ?"

"ಚಿತ್ರಕ್ಕ ಎಂಥಾ ಪಾಳಿರೀ?"

ವಾದ ನಡೆಯಿತು. ಚಹಾ ಬಂತು, ಆರಿತು. ಶಿವಕುಮಾರಿಯ ತಲೆ ಚಿಟ್ಟು ಹಿಡಿಯಿತು, ಮಂಡಿ ಸೆಳೆಯತೊಡಗಿತು. ಮುಂದಿನ ವರ್ಷ ಸಿಂಧನೂರಿನ ಪಾಳಿಯೇ ಇದೆ, ಆಗ ಇದಕ್ಕೇ ಕೊಡೋಣ ಎಂದು ಬಸ್ಸಪ್ಪ ಸಮಾಧಾನ ಹೇಳಿದ. ಹಾಳಾಗಿ ಹೋಗಲಿ ಎಂದು ಆಕೆ ಸಹಿ ಮಾಡಿದಳು. ಮಸ್ಕಿಯ ಕಿರೀಟದ ಮೊಲ ಗೆದ್ದಿತು.

ಹೊರಗಿನ ಸಭಾಂಗಣದಲ್ಲಿ ಫಲಿತಾಂಶ ಕೂಗಿದರು. ಸೋತವರು ತಮ್ಮ ಪುಸ್ತಕ ವಾಪಸು ಒಯ್ಯಲು ಒಬ್ಬೊಬ್ಬರಾಗಿ ಒಳಗೆ ಬಂದರು. ಕೊನೆಗೆ ಬಂದವಳ ಹೆಗಲಿನ ಮೇಲೆ ಹಸುಗೂಸು ಮಲಗಿತ್ತು. ಹೆಸರು ದೀಪಿಕಾ.

"ನಂದು ಗೆಜ್ಜಿ ಪುಸ್ತಕರೀ."

"ಬ್ಯಾಸರಾಗಬ್ಯಾಡವ್ವ," ಎಂದ ಬಸ್ಸಪ್ಪ. "ಮುಂದಿನ ವರ್ಷ ಸಿಂಧನೂರ ಪಾಳಿ. ಇದನ್ನೇ ಕಳಸು, ಬಹುಮಾನ ನಿಂದೇ ಅಂತ ತಿಳ್ಕೊ."

"ಮುಂದಿನ ವರ್ಷ ನಾ ಮಸ್ಕ್ಯಾಗ ಇರ್ತೀನ್ರೀ. ಗಂಡನ ಮನಿ ಅಲ್ಲೇ ಐತಿ. ಬಾಣಂತನಕ್ಕ ತವರಿಗಿ ಬಂದೀನಂತ ಜವಳಗೇರಾ ಅಡ್ರೆಸ್ ಬರ್ದಿದ್ದೆ."

ಪಂಪಾಪತಿ ಪೆಚ್ಚಾದ. ಹೊರಗೆ ಮೊಲದವನಿಗೆ ಶಾಲು ಹೊದಿಸಿ ಚಪ್ಪಾಳೆ ತಟ್ಟುತ್ತಿದ್ದರು. "ಹೇಳಿ ಆಗೇತಿ, ಈಗ ತಿರುಗಿಸಾಕ ಬರಂಗಿಲ್ಲ," ಎಂದು ಗೊಣಗಿದ.

ದೀಪಿಕಾಳಿಗೆ ಅದೇನೂ ತಿಳಿಯಲಿಲ್ಲ. ಅವಳು ಶಿವಕುಮಾರಿಯ ಕಡೆ ತಿರುಗಿದಳು.

"ಮೇಡಂ, ತಪ್ಪ ಎಲ್ಲಿ ಆಗೇತಿ ಹೇಳ್ರಿ. ಕೂಸು ಮಲಗಿದಾಗ ತಿದ್ದತೀನಿ. ಹುಡುಗಿ ಹೆಗಲು ಸರಿ ಬಂದಿಲ್ಲೇನ್ರೀ?"

"ಬಣ್ಣ ಜರಾ ಜಾಸ್ತಿ ಆಗೇತಿ..." ಎಂದು ಬಸ್ಸಪ್ಪ ಶುರು ಮಾಡಿದ.

"ಸುಮ್ನಿರ್ರಿ!" ಶಿವಕುಮಾರಿಗೆ ಆತನ ಮೇಲೆ ಬಂದ ಸಿಟ್ಟಿಗಿಂತ ತನ್ನ ಮೇಲೆ ಬಂದ ಸಿಟ್ಟೇ ಹೆಚ್ಚಾಗಿತ್ತು. "ತಪ್ಪ ಏನೂ ಇಲ್ಲವ್ವ. ಎಲ್ಲಾದ್ರಾಗ ನಿಂದೇ ಮ್ಯಾಲಿತ್ತು. ಗೊತ್ತಿದ್ದೂ ನಾ ಮೊಲಕ್ಕ ಸಹಿ ಮಾಡೀನಿ."

ದೀಪಿಕಾ ಒಂದೊಂದೇ ಪುಟ ತಿರುವಿ ನೋಡಿದಳು.

"ಹಂಗಾದ್ರ ತಿದ್ದಾಕ ಏನೂ ಇಲ್ಲೇನ್ರೀ?"

"ಏನೂ ಇಲ್ಲ."

"ಇದ್ದಿದ್ರ ಚಲೋ ಇತ್ರೀ," ಎಂದು ದೀಪಿಕಾ ಪುಸ್ತಕವನ್ನು ಕೂಸಿನ ಬಟ್ಟೆಯ ಚೀಲಕ್ಕೆ ತುರುಕಿದಳು.